ಟರ್ಮಿನಲ್ ಪರದೆಯನ್ನು ಕೈಯಾರೆ ನಡೆಸುವುದು: ಒಂದು ಪುಟ್ಟ ಫೈಲ್ ವ್ಯೂವರ್ ಕಟ್ಟುತ್ತಾ ಕಲಿಯೋಣ

ಟರ್ಮಿನಲ್‌ನಲ್ಲಿ ಯಾವುದಾದರೂ ಎಡಿಟರ್ ತೆರೆದು ನೋಡಿ. ಇಡೀ ಕಿಟಕಿ ಅದರದ್ದಾಗುತ್ತದೆ. ಬಾಣದ ಕೀ ಒತ್ತಿದರೆ ಕರ್ಸರ್ ಓಡಾಡುತ್ತದೆ, ಕೆಳಗಿನ ಪಟ್ಟಿಯಲ್ಲಿ ಸಾಲಿನ ನಂಬರ್ ಬದಲಾಗುತ್ತದೆ. ಹೊರಗೆ ಬಂದ ಕೂಡಲೇ ನೀವು ಮೊದಲು ಟೈಪ್ ಮಾಡಿದ್ದ ಕಮಾಂಡ್‌ಗಳೆಲ್ಲ ಇದ್ದ ಹಾಗೇ ಮತ್ತೆ ಕಾಣಿಸುತ್ತವೆ. ಇದರ ಹಿಂದೆ ಗ್ರಾಫಿಕ್ಸ್ ಇಲ್ಲ, ವಿಶೇಷ ಡ್ರೈವರ್ ಇಲ್ಲ. ಪ್ರೋಗ್ರಾಮ್ ಒಂದಷ್ಟು ಬೈಟ್ ಬರೆಯುತ್ತದೆ, ಒಂದಷ್ಟು ಬೈಟ್ ಓದುತ್ತದೆ. ಅಷ್ಟೇ.

ಅದನ್ನೇ ನಾವೂ ಲೈಬ್ರರಿ ಇಲ್ಲದೆ ಮಾಡೋಣ. ಒಂದು ಫೈಲ್ ವ್ಯೂವರ್ ಕಟ್ಟೋಣ: ಫೈಲ್ ತೋರಿಸಬೇಕು, ಬಾಣದ ಕೀ ಒತ್ತಿದರೆ ಸರಿಯಬೇಕು, ಕ್ಯೂ ಒತ್ತಿದರೆ ಮುಚ್ಚಬೇಕು. ಇಲ್ಲಿ ಬರುವ ಹೆಸರುಗಳು ಸಿ ಭಾಷೆಯವು. ಪೈಥಾನ್‌ನ ಟರ್ಮಿಯೋಸ್ ಮಾಡ್ಯೂಲ್‌ನಲ್ಲೂ ಹೆಚ್ಚುಕಡಿಮೆ ಇವೇ ಹೆಸರುಗಳಿವೆ. ಲಿನಕ್ಸ್‌ನಲ್ಲೂ ಮ್ಯಾಕ್‌ನಲ್ಲೂ ಕೆಲಸ ಒಂದೇ.

ಶುರು ಮಾಡುವ ಮುಂಚೆ ಎರಡು ವಿಷಯ ಮನಸ್ಸಲ್ಲಿ ಇಟ್ಟುಕೊಳ್ಳಿ. ಒಂದು, ಪರದೆಯ ಮೇಲೆ ಈಗ ಏನಿದೆ ಅಂತ ಟರ್ಮಿನಲ್ ಅನ್ನು ಕೇಳುವ ನಂಬಿಕಸ್ತ ದಾರಿ ಇಲ್ಲ. ಚಿತ್ರ ನಿಮ್ಮ ಪ್ರೋಗ್ರಾಮಿನ ಮೆಮೊರಿಯಲ್ಲಿ ಇರಬೇಕು, ಪರದೆ ಅದರ ಪ್ರತಿ ಮಾತ್ರ. ಎರಡು, ಟರ್ಮಿನಲ್ ನಿಮಗೆ ಎರವಲು ಸಿಕ್ಕಿರುವುದು. ಶೆಲ್ (ನಿಮ್ಮ ಕಮಾಂಡ್ ಓದಿ ನಡೆಸುವ ಪ್ರೋಗ್ರಾಮ್) ಅದನ್ನು ಕೊಟ್ಟಾಗ ಹೇಗಿತ್ತೋ ಹಾಗೇ ವಾಪಸ್ ಕೊಡಬೇಕು. ನಾನು ನೋಡಿದ ಎಡವಟ್ಟುಗಳಲ್ಲಿ ಮುಕ್ಕಾಲು ಪಾಲು ಈ ಎರಡರಲ್ಲಿ ಒಂದನ್ನು ಮರೆತಿದ್ದರಿಂದಲೇ ಆದವು.

ಮೊದಲು ಬೈಟ್‌ಗಳನ್ನು ಕಣ್ಣಾರೆ ನೋಡಿ

ಶೆಲ್‌ನಲ್ಲಿ ಕ್ಯಾಟ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಫೈಲ್ ಹೆಸರು ಕೊಡಬೇಡಿ. ಈಗ ಮೇಲಿನ ಬಾಣದ ಕೀ ಒತ್ತಿ. ಪರದೆಯ ಮೇಲೆ ^[[ಎ ಅಂತ ಮೂಡುತ್ತದೆ (ಆ ಎ ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರ). ಕೆಳಗಿನ ಬಾಣಕ್ಕೆ ^[[ಬಿ, ಬಲಕ್ಕೆ ^[[ಸಿ, ಎಡಕ್ಕೆ ^[[ಡಿ. ಮೊದಲಿನ ^[ ಅನ್ನೋದು ಎರಡು ಅಕ್ಷರದಂತೆ ಕಂಡರೂ ಒಂದೇ ಬೈಟ್. ಅದು ಎಸ್ಕೇಪ್, ಬೆಲೆ 27. ಆಕ್ಟಲ್‌ನಲ್ಲಿ 033. ಕಂಟ್ರೋಲ್ ಕೀ ಜೊತೆ ಎ ಒತ್ತಿದರೆ 1, ಝಡ್ ಒತ್ತಿದರೆ 26, ಅಕ್ಷರಗಳ ಕೋಡ್ ಪಟ್ಟಿಯಲ್ಲಿ ಅದರ ಮುಂದಿನ ಚೌಕ ಬ್ರ್ಯಾಕೆಟ್ [ ಒತ್ತಿದರೆ 27. ಅದಕ್ಕೇ ಎಸ್ಕೇಪನ್ನು ^[ ಅಂತ ತೋರಿಸುವುದು.

ಇದೇ ಲೆಕ್ಕದಲ್ಲಿ ಇನ್ನೊಂದು ಸಂಗತಿ ಗೊತ್ತಾಗುತ್ತದೆ. ಕಂಟ್ರೋಲ್ ಮತ್ತು ಐ ಅಂದರೆ 9, ಅದೇ ಟ್ಯಾಬ್. ಕಂಟ್ರೋಲ್ ಮತ್ತು ಎಂ ಅಂದರೆ 13, ಅದೇ ಎಂಟರ್. ಮಾಮೂಲಿ ಟರ್ಮಿನಲ್‌ನಲ್ಲಿ ಇವನ್ನು ಬೇರೆ ಬೇರೆ ಅಂತ ಗುರುತಿಸಲು ಆಗುವುದಿಲ್ಲ. ಬರುವ ಬೈಟ್ ಒಂದೇ ಅಲ್ವಾ.

ಈಗ ಆಚೆ ದಿಕ್ಕು. ಕಂಟ್ರೋಲ್ ಸಿ ಒತ್ತಿ ಹೊರಗೆ ಬಂದು ಹೀಗೆ ಟೈಪ್ ಮಾಡಿ:

ಪ್ರಿಂಟ್‌ಎಫ್ '\033[2ಜೆ\033[5;10ಎಚ್ ನಮಸ್ಕಾರ'

ಪ್ರಿಂಟ್‌ಎಫ್, ಜೆ, ಎಚ್ ಇವನ್ನು ಇಂಗ್ಲಿಷ್ ಕೀಗಳಲ್ಲೇ ಒತ್ತಬೇಕು. ಕಮಾಂಡ್ ಹೆಸರು ಸಣ್ಣಕ್ಷರದಲ್ಲಿ, ಜೆ ಮತ್ತು ಎಚ್ ಕ್ಯಾಪಿಟಲ್‌ನಲ್ಲಿ. ಪರದೆ ಖಾಲಿಯಾಗಿ 5ನೇ ಸಾಲಿನಲ್ಲಿ ನಮಸ್ಕಾರ ಕಾಣಿಸುತ್ತದೆ. ಮುಂದೆ ಎಲ್ಲ ಕಡೆ ನಾನು ಬರೀ ಅಕ್ಷರ ಬರೆದರೆ ಕ್ಯಾಪಿಟಲ್ ಅಂತ ತಿಳಿಯಿರಿ. ಸಣ್ಣಕ್ಷರ ಬೇಕಾದಲ್ಲಿ ಸಣ್ಣ ಎಂ, ಸಣ್ಣ ಎಚ್ ಅಂತಲೇ ಹೇಳುತ್ತೇನೆ. ಈ ವ್ಯತ್ಯಾಸ ನಿಜಕ್ಕೂ ಮುಖ್ಯ. ಎಚ್ ಕರ್ಸರ್ ಸರಿಸುತ್ತದೆ, ಸಣ್ಣ ಎಚ್ ಒಂದು ಸೌಲಭ್ಯವನ್ನು ಆನ್ ಮಾಡುತ್ತದೆ. ಓದಲು ಸುಲಭ ಆಗಲಿ ಅಂತ ಕೋಡ್‌ಗಳ ನಡುವೆ ಜಾಗ ಬಿಟ್ಟು ಬರೆಯುತ್ತೇನೆ, ಟೈಪ್ ಮಾಡುವಾಗ ಜಾಗ ಬೇಡ.

ಪರದೆಗೆ ಹೇಳುವ ಮಾತುಗಳು

ಎಸ್ಕೇಪ್ ಮತ್ತು [ ಸೇರಿದರೆ ಒಂದು ಆಜ್ಞೆ ಶುರುವಾಯಿತು ಅಂತ ಅರ್ಥ. ಆಮೇಲೆ ಸೆಮಿಕೋಲನ್‌ನಿಂದ ಬಿಡಿಸಿದ ಅಂಕಿಗಳು, ಕೊನೆಗೆ ಏನು ಮಾಡಬೇಕು ಅಂತ ಹೇಳುವ ಒಂದು ಅಕ್ಷರ. ಈ ಕಟ್ಟು 1970ರ ದಶಕದ್ದು. ಇಸಿಎಂಎ-48 ಅನ್ನುವ ಮಾನಕದ ಮೊದಲ ಆವೃತ್ತಿ 1976ರಲ್ಲಿ ಬಂತು. 1978ರಲ್ಲಿ ಡಿಇಸಿ ಕಂಪನಿ ವಿಟಿ100 ಅನ್ನುವ ಟರ್ಮಿನಲ್ ತಂದಿತು. 24 ಸಾಲು, 80 ಕಾಲಂ. ಆ ಯಂತ್ರ ಎಷ್ಟು ಹರಡಿತು ಅಂದರೆ ಇವತ್ತಿನ ಟರ್ಮಿನಲ್ ಪ್ರೋಗ್ರಾಮ್‌ಗಳು ಅದರ ಮಾತನ್ನೇ ಆಡುತ್ತವೆ.

ನಮ್ಮ ವ್ಯೂವರ್‌ಗೆ ಬೇಕಾದ್ದು ಕೆಲವೇ. ಎಸ್ಕೇಪ್ [ 5 ; 10 ಎಚ್ ಅಂದರೆ 5ನೇ ಸಾಲು, 10ನೇ ಕಾಲಂಗೆ ಹೋಗು. ಸಾಲು ಮೊದಲು, ಕಾಲಂ ಆಮೇಲೆ, ಎಣಿಕೆ 1ರಿಂದ. ಅರೇ ಇಂಡೆಕ್ಸ್ 0ಯಿಂದ ಎಣಿಸುವ ಅಭ್ಯಾಸದವರು ಇಲ್ಲಿ ಒಂದು ಕೂಡಿಸಲು ಮರೆಯುತ್ತಾರೆ. ಎಸ್ಕೇಪ್ [ 2 ಜೆ ಪರದೆ ಪೂರ್ತಿ ಅಳಿಸುತ್ತದೆ, ಆದರೆ ಕರ್ಸರನ್ನು ಇದ್ದಲ್ಲೇ ಬಿಡುತ್ತದೆ. ಎಸ್ಕೇಪ್ [ ಕೆ ಕರ್ಸರ್ ಇರುವ ಜಾಗದಿಂದ ಸಾಲಿನ ಕೊನೆವರೆಗೆ ಅಳಿಸುತ್ತದೆ. ನಿಮಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಈ ಕೊನೆಯದ್ದೇ.

ಬಣ್ಣ ಮತ್ತು ಅಂದಕ್ಕೆ ಸಣ್ಣ ಎಂ. ಎಸ್ಕೇಪ್ [ 1 ಸಣ್ಣ ಎಂ ದಪ್ಪ ಅಕ್ಷರ, 4 ಅಡಿಗೆರೆ, 7 ಬಣ್ಣ ತಿರುಗುಮುರುಗು, 0 ಎಲ್ಲವನ್ನೂ ಮೊದಲಿನಂತೆ ಮಾಡುತ್ತದೆ. 30ರಿಂದ 37 ಅಕ್ಷರದ ಬಣ್ಣ, 40ರಿಂದ 47 ಹಿನ್ನೆಲೆ. 38;5 ಆದ ಮೇಲೆ ಒಂದು ಅಂಕಿ ಕೊಟ್ಟರೆ 256 ಬಣ್ಣಗಳಲ್ಲಿ ಒಂದು. 38;2 ಆದ ಮೇಲೆ ಕೆಂಪು, ಹಸಿರು, ನೀಲಿ ಮೂರೂ ಅಂಕಿ ಕೊಟ್ಟರೆ ಪೂರ್ತಿ ಬಣ್ಣ. ಬಣ್ಣ ಬಳಸುವಾಗ ನನ್ನ ಸಲಹೆ: ಮೊದಲ 16ರಲ್ಲೇ ಇರಿ. ಆ 16ನ್ನು ಓದುಗರು ತಮ್ಮ ಕಣ್ಣಿಗೆ ಹೊಂದುವಂತೆ ಸೆಟ್ ಮಾಡಿಕೊಂಡಿರುತ್ತಾರೆ. ನೀವು ಆರಿಸಿದ ತಿಳಿ ಬೂದು ಬಣ್ಣ ಬಿಳಿ ಹಿನ್ನೆಲೆಯವರಿಗೆ ಕಾಣಿಸುವುದೇ ಇಲ್ಲ. ಸ್ಟೇಟಸ್ ಪಟ್ಟಿಗಂತೂ 7 ಸಾಕು. ಅದು ಯಾವ ಥೀಮ್‌ನಲ್ಲೂ ಓದಲು ಬರುತ್ತದೆ.

ಇನ್ನೆರಡು ಆಜ್ಞೆ ಬೇಕು, ಎರಡರಲ್ಲೂ ಪ್ರಶ್ನೆ ಚಿಹ್ನೆ ಇದೆ. ಎಸ್ಕೇಪ್ [ ? 25 ಸಣ್ಣ ಎಲ್ ಕರ್ಸರನ್ನು ಬಚ್ಚಿಡುತ್ತದೆ, ಅಲ್ಲೇ ಸಣ್ಣ ಎಚ್ ಹಾಕಿದರೆ ಮತ್ತೆ ತೋರಿಸುತ್ತದೆ. ಎಸ್ಕೇಪ್ [ ? 1049 ಸಣ್ಣ ಎಚ್ ನಿಮ್ಮನ್ನು ಬದಲಿ ಪರದೆಗೆ ಕರೆದೊಯ್ಯುತ್ತದೆ. ಅದು ಬೇರೆಯದೇ ಖಾಲಿ ಹಾಳೆ. ಅದೇ ಆಜ್ಞೆ ಸಣ್ಣ ಎಲ್ ಜೊತೆ ಬಂದರೆ ಹಳೆಯ ಪರದೆ, ಹಳೆಯ ಕರ್ಸರ್ ಜಾಗ ಎರಡೂ ವಾಪಸ್. ಎಡಿಟರ್ ಮುಚ್ಚಿದಾಗ ಹಳೆಯ ಕಮಾಂಡ್‌ಗಳು ಮತ್ತೆ ಕಾಣಿಸುವ ಗುಟ್ಟು ಇದೇ.

ರಾ ಮೋಡ್: ಕೀಗಳು ನೇರವಾಗಿ ಕೈಗೆ

ಮಾಮೂಲಿಯಾಗಿ ನೀವು ಎಂಟರ್ ಒತ್ತುವವರೆಗೆ ಪ್ರೋಗ್ರಾಮಿಗೆ ಏನೂ ತಲುಪುವುದಿಲ್ಲ. ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಒಂದು ಸಾಲು ಪೂರ್ತಿ ಆಗಲಿ ಅಂತ ಕಾಯುತ್ತದೆ. ಬ್ಯಾಕ್‌ಸ್ಪೇಸ್ ಒತ್ತಿದರೆ ಅದೇ ಅಳಿಸುತ್ತದೆ, ಒತ್ತಿದ ಅಕ್ಷರವನ್ನು ಅದೇ ಪರದೆಗೆ ಬರೆಯುತ್ತದೆ. ನಮಗೆ ಇದು ಯಾವುದೂ ಬೇಡ.

ಟಿಸಿಗೆಟ್‌ಆಟರ್ ಕರೆದು ಈಗಿನ ಸೆಟ್ಟಿಂಗ್‌ಗಳನ್ನು ತೆಗೆದುಕೊಳ್ಳಿ. ಅದರ ಒಂದು ಪ್ರತಿಯನ್ನು ಮುಟ್ಟದೆ ಎತ್ತಿಡಿ, ವಾಪಸ್ ಕೊಡಲು ಅದೇ ಬೇಕು. ಇನ್ನೊಂದು ಪ್ರತಿಯಲ್ಲಿ ಕೆಲವು ಫ್ಲ್ಯಾಗ್ (ಆನ್, ಆಫ್ ಸ್ವಿಚ್) ಆಫ್ ಮಾಡಿ, ಆಮೇಲೆ ಆ ಪ್ರತಿಯನ್ನು ಟಿಸಿಸೆಟ್‌ಆಟರ್ ಕರೆದು ಟರ್ಮಿನಲ್‌ಗೆ ಹಾಕಿ. ಐಕ್ಯಾನನ್ ತೆಗೆದರೆ ಸಾಲಿಗಾಗಿ ಕಾಯುವುದು ನಿಲ್ಲುತ್ತದೆ. ಎಕೋ ತೆಗೆದರೆ ಒತ್ತಿದ್ದು ಪರದೆಯಲ್ಲಿ ಮೂಡುವುದಿಲ್ಲ. ಐಸಿಗ್ ತೆಗೆದರೆ ಕಂಟ್ರೋಲ್ ಸಿ ಮತ್ತು ಕಂಟ್ರೋಲ್ ಝಡ್ ಸಿಗ್ನಲ್ (ಪ್ರೋಗ್ರಾಮಿಗೆ ಕರ್ನಲ್ ಕಳಿಸುವ ಸೂಚನೆ) ಆಗದೆ ಸುಮ್ನೆ 3 ಮತ್ತು 26 ಅನ್ನುವ ಬೈಟ್‌ಗಳಾಗಿ ಬರುತ್ತವೆ. ಐಎಕ್ಸ್‌ಆನ್ ತೆಗೆದರೆ ಕಂಟ್ರೋಲ್ ಎಸ್ ಒತ್ತಿದಾಗ ಪರದೆ ಮರಗಟ್ಟುವುದಿಲ್ಲ. ಐಸಿಆರ್‌ಎನ್‌ಎಲ್ ತೆಗೆದರೆ ಎಂಟರ್ 13 ಆಗಿಯೇ ಬರುತ್ತದೆ, ಇಲ್ಲದಿದ್ದರೆ ಕರ್ನಲ್ ಅದನ್ನು 10 ಮಾಡಿ ಕೊಡುತ್ತದೆ.

ಓಪೋಸ್ಟ್ ಅನ್ನುವ ಫ್ಲ್ಯಾಗ್ ಬಗ್ಗೆ ಒಂದು ಮಾತು. ಇದನ್ನು ತೆಗೆದ ಮೇಲೆ ಹೊಸ ಸಾಲಿನ ಬೈಟ್ ಬರೆದರೆ ಕರ್ಸರ್ ಕೆಳಗೆ ಇಳಿಯುತ್ತದೆ ಅಷ್ಟೇ, ಎಡಕ್ಕೆ ಬರುವುದಿಲ್ಲ. ಸಾಲುಗಳು ಮೆಟ್ಟಿಲಿನ ಹಾಗೆ ಬಲಕ್ಕೆ ಸರಿಯುತ್ತಾ ಇಳಿಯುತ್ತವೆ. ಎಂದಾದರೂ ನಿಮ್ಮ ಪರದೆಯಲ್ಲಿ ಮೆಟ್ಟಿಲು ಕಂಡರೆ ಕಾರಣ ಇದೇ, ಬೇರೆಲ್ಲೂ ಹುಡುಕಬೇಡಿ. ಪ್ರತಿ ಸಾಲನ್ನೂ ಎಚ್ ಆಜ್ಞೆಯಿಂದಲೇ ಶುರು ಮಾಡುವ ಅಭ್ಯಾಸ ಇದ್ದರೆ ಈ ತೊಂದರೆ ಹತ್ತಿರವೂ ಸುಳಿಯುವುದಿಲ್ಲ.

ಎಲ್ಲ ಫ್ಲ್ಯಾಗನ್ನೂ ಒಟ್ಟಿಗೆ ಬದಲಿಸಲು ಸಿಎಫ್‌ಮೇಕ್‌ರಾ ಅನ್ನುವ ಫಂಕ್ಷನ್ ಇದೆ. ಪೈಥಾನ್‌ನಲ್ಲಿ ಟಿಟಿವೈ ಮಾಡ್ಯೂಲ್‌ನ ಸೆಟ್‌ರಾ. ಇವೆಲ್ಲಕ್ಕೂ ಮುಂಚೆ ಐಸ್ಆಟ್ಟಿ ಕರೆದು ಎದುರಿಗೆ ಇರುವುದು ನಿಜವಾಗಿ ಟರ್ಮಿನಲ್ಲೇ ಅಂತ ಖಚಿತ ಮಾಡಿಕೊಳ್ಳಿ. ಯಾರಾದರೂ ನಿಮ್ಮ ಔಟ್‌ಪುಟ್ಟನ್ನು ಫೈಲ್‌ಗೆ ತಿರುಗಿಸಿದ್ದರೆ ಎಸ್ಕೇಪ್ ಕೋಡ್ ಬರೆಯಬಾರದು. ಇನ್‌ಪುಟ್ ಪೈಪ್‌ನಿಂದ ಬರುತ್ತಿದ್ದರೆ ಅಲ್ಲಿಂದ ಫೈಲ್ ಓದಿ, ಕೀಗಳಿಗೆ ಡೆವ್ ಡೈರೆಕ್ಟರಿಯ ಟಿಟಿವೈ ಫೈಲನ್ನು ಬೇರೆಯಾಗಿ ತೆರೆಯಿರಿ.

ಚಿತ್ರ ಬರೆಯುವ ಮುಂಚೆ ವಾಪಸ್ ಕೊಡುವ ಕೋಡ್ ಬರೆಯಿರಿ

ಎಲ್ಲರೂ ಇದನ್ನು ಕೊನೆಗೆ ಬಿಡುತ್ತಾರೆ. ನಾನು ಮೊದಲೇ ಬರೆಯಿರಿ ಅನ್ನುತ್ತೇನೆ. ಒಮ್ಮೆ ದೂರದ ಸರ್ವರ್‌ನಲ್ಲಿ ನಾನು ಬರೆದ ಒಂದು ಪ್ರೋಗ್ರಾಮ್ ಮಧ್ಯದಲ್ಲೇ ಕ್ರ್ಯಾಶ್ ಆಯಿತು. ಟೈಪ್ ಮಾಡಿದ್ದು ಕಾಣಿಸುತ್ತಿರಲಿಲ್ಲ, ಕರ್ಸರ್ ಇರಲಿಲ್ಲ, ಎಂಟರ್ ಒತ್ತಿದರೂ ಏನೂ ಆಗುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಗೆಳೆಯ ಮೆಷೀನ್ ಹೋಯಿತು ಅಂದುಕೊಂಡು ಕಿಟಕಿ ಮುಚ್ಚಲು ಹೊರಟಿದ್ದ. ಮೆಷೀನ್ ಚೆನ್ನಾಗೇ ಇತ್ತು. ನನ್ನ ಪ್ರೋಗ್ರಾಮ್ ಎರವಲು ತಂದದ್ದನ್ನು ವಾಪಸ್ ಕೊಡದೆ ಹೋಗಿತ್ತು, ಅಷ್ಟೇ.

ಹೀಗಾದಾಗ ಬಿಡಿಸಿಕೊಳ್ಳುವ ದಾರಿ ಇದು. ಕಂಟ್ರೋಲ್ ಜೆ ಒತ್ತಿ. ಆಮೇಲೆ ಕಾಣಿಸದಿದ್ದರೂ ಪರವಾಗಿಲ್ಲ, ಎಸ್‌ಟಿಟಿವೈ ಸೇನ್ ಅಂತ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪ್ ಮಾಡಿ ಮತ್ತೆ ಕಂಟ್ರೋಲ್ ಜೆ ಒತ್ತಿ. ಎಂಟರ್ ಬದಲು ಕಂಟ್ರೋಲ್ ಜೆ ಯಾಕೆ ಅಂದರೆ, 13ನ್ನು 10 ಮಾಡುವ ಫ್ಲ್ಯಾಗ್ ಇನ್ನೂ ಆಫ್ ಇರಬಹುದು. ಕಂಟ್ರೋಲ್ ಜೆ ನೇರವಾಗಿ 10ನ್ನೇ ಕಳಿಸುತ್ತದೆ. ಬಣ್ಣ, ಕರ್ಸರ್ ಇನ್ನೂ ಕೆಟ್ಟಿದ್ದರೆ ರೀಸೆಟ್ ಕಮಾಂಡ್ ಕೊಡಿ.

ನಿಮ್ಮ ಪ್ರೋಗ್ರಾಮ್ ಬಳಸುವವರಿಗೆ ಇದೆಲ್ಲ ಗೊತ್ತಿರಬೇಕಾಗಿಲ್ಲ. ಅದಕ್ಕೇ ವಾಪಸ್ ಕೊಡುವ ಒಂದೇ ಒಂದು ಫಂಕ್ಷನ್ ಬರೆಯಿರಿ. ಅದು ಬಣ್ಣವನ್ನು 0 ಮಾಡಲಿ, ಕರ್ಸರ್ ತೋರಿಸಲಿ, ಬದಲಿ ಪರದೆಯಿಂದ ಹೊರಗೆ ಬರಲಿ, ಎತ್ತಿಟ್ಟ ಸೆಟ್ಟಿಂಗ್‌ಗಳನ್ನು ಟಿಸಿಸೆಟ್‌ಆಟರ್‌ನಿಂದ ಮತ್ತೆ ಹಾಕಲಿ. ಎರಡು ಸಲ ಕರೆದರೂ ತೊಂದರೆ ಆಗದ ಹಾಗಿರಲಿ. ಆಮೇಲೆ ಹೊರಗೆ ಹೋಗುವ ಪ್ರತಿ ಬಾಗಿಲಿಗೂ ಅದನ್ನು ಕಟ್ಟಿ.

ಮಾಮೂಲಿ ಬಾಗಿಲು ಸುಲಭ: ಆಟ್‌ಎಕ್ಸಿಟ್‌ನಲ್ಲಿ ನೋಂದಾಯಿಸಿ, ಪೈಥಾನ್‌ನಲ್ಲಿ ಟ್ರೈ ಮತ್ತು ಫೈನಲಿ. ಸಿಗ್ನಲ್ ಬಂದು ಪ್ರೋಗ್ರಾಮ್ ಸತ್ತರೆ ಆಟ್‌ಎಕ್ಸಿಟ್ ಓಡುವುದಿಲ್ಲ. ಹಾಗಾಗಿ ಸಿಗ್‌ಟರ್ಮ್, ಸಿಗ್‌ಹಪ್, ಸಿಗ್‌ಇಂಟ್‌ಗಳಿಗೆ ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಫಂಕ್ಷನ್) ಬೇಕು. ಹ್ಯಾಂಡ್ಲರ್ ಒಳಗೆ ಪ್ರಿಂಟ್‌ಎಫ್ ಬಳಸಬೇಡಿ, ಅಲ್ಲಿ ಅದು ಸುರಕ್ಷಿತ ಅಲ್ಲ. ರೈಟ್ ಮತ್ತು ಟಿಸಿಸೆಟ್‌ಆಟರ್ ಎರಡನ್ನೂ ಸಿಗ್ನಲ್ ಹ್ಯಾಂಡ್ಲರ್‌ನಲ್ಲಿ ಕರೆಯಬಹುದು ಅಂತ ಪೋಸಿಕ್ಸ್ ಮಾನಕವೇ ಹೇಳುತ್ತದೆ. ಸಿಗ್‌ಕಿಲ್ ಮಾತ್ರ ಯಾರ ಕೈಗೂ ಸಿಗುವುದಿಲ್ಲ, ಅದನ್ನು ಬಿಟ್ಟುಬಿಡಿ.

ಇನ್ನೊಂದು ಬಾಗಿಲನ್ನು ಜನ ಮರೆಯುತ್ತಾರೆ: ಪ್ರೋಗ್ರಾಮನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಕಂಟ್ರೋಲ್ ಝಡ್. ಐಸಿಗ್ ಆಫ್ ಇರುವುದರಿಂದ 26 ಬೈಟ್ ನಿಮ್ಮ ಕೈಗೇ ಬರುತ್ತದೆ. ಆಗ ಟರ್ಮಿನಲ್ ವಾಪಸ್ ಕೊಡಿ, ನಿಮಗೆ ನೀವೇ ಸಿಗ್‌ಟಿಎಸ್‌ಟಿಪಿ ಕಳಿಸಿಕೊಂಡು ನಿಲ್ಲಿ. ಬಳಕೆದಾರ ಎಫ್‌ಜಿ ಅಂತ ಮತ್ತೆ ಕರೆದಾಗ ಕೋಡ್ ಅಲ್ಲಿಂದಲೇ ಮುಂದುವರಿಯುತ್ತದೆ. ರಾ ಮೋಡ್ ಮತ್ತೆ ಹಾಕಿ, ಬದಲಿ ಪರದೆಗೆ ಹೋಗಿ, ಎಲ್ಲವನ್ನೂ ಹೊಸದಾಗಿ ಬರೆಯಿರಿ. ಚಿತ್ರ ನಿಮ್ಮ ಮೆಮೊರಿಯಲ್ಲೇ ಇದ್ದರೆ ಇದು ನಾಲ್ಕು ಸಾಲಿನ ಕೆಲಸ.

ಕೀ ಓದುವುದು, ಎಸ್ಕೇಪ್ ಕೀಯ ಇಕ್ಕಟ್ಟು

ಎಸ್ಕೇಪ್ ಕೀ ಒತ್ತಿದರೆ 27 ಬರುತ್ತದೆ. ಬಾಣದ ಕೀ ಒತ್ತಿದರೂ ಮೊದಲು ಬರುವುದು 27. ಹಾಗಾದರೆ 27 ಸಿಕ್ಕಾಗ ಏನು ಮಾಡಬೇಕು? ಸ್ವಲ್ಪ ಕಾಯಬೇಕು, ಬೇರೆ ದಾರಿ ಇಲ್ಲ. ಪೋಲ್ ಕರೆದು 50 ಮಿಲಿಸೆಕೆಂಡ್ ಹೊತ್ತು ನೋಡಿ. ಅಷ್ಟರೊಳಗೆ ಮುಂದಿನ ಬೈಟ್ ಬಂದರೆ ಅದು ದೊಡ್ಡ ಕೀಯ ಭಾಗ, ಬರದಿದ್ದರೆ ಎಸ್ಕೇಪ್ ಕೀ. ಕಾಯುವ ಹೊತ್ತು ತೀರಾ ಕಡಿಮೆಯಾದರೆ ನಿಧಾನದ ನೆಟ್‌ವರ್ಕ್‌ನಲ್ಲಿ ಬಾಣದ ಕೀ ಒಡೆದು ಹೋಗುತ್ತದೆ. ಜಾಸ್ತಿಯಾದರೆ ಎಸ್ಕೇಪ್ ಒತ್ತಿದವರಿಗೆ ಪ್ರೋಗ್ರಾಮ್ ತಡವರಿಸಿದ ಹಾಗೆ ಅನಿಸುತ್ತದೆ. ಪೋಲ್ ಬೇಡ ಅಂದರೆ ಟರ್ಮಿಯೋಸ್‌ನಲ್ಲೇ ವಿಮಿನ್ (ಕನಿಷ್ಠ ಎಷ್ಟು ಬೈಟ್ ಬರಬೇಕು) 0, ವಿಟೈಮ್ (ಎಷ್ಟು ಹೊತ್ತು ಕಾಯಬೇಕು) 1 ಅಂತ ಇಡಬಹುದು. ವಿಟೈಮ್‌ನ ಲೆಕ್ಕ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ, ಹಾಗಾಗಿ 1 ಅಂದರೆ 100 ಮಿಲಿಸೆಕೆಂಡ್.

ಕೀಗಳ ಪಟ್ಟಿ ಮಾಡಿಕೊಂಡು ಒಂದೊಂದನ್ನೇ ಹೋಲಿಸಬೇಡಿ. ಕಟ್ಟನ್ನು ಓದಿ. ಎಸ್ಕೇಪ್ [ ಆದ ಮೇಲೆ 32ರಿಂದ 63ರವರೆಗಿನ ಬೈಟ್‌ಗಳೆಲ್ಲ ನಡುವಿನವು: ಅಂಕಿ, ಸೆಮಿಕೋಲನ್, ಪ್ರಶ್ನೆ ಚಿಹ್ನೆ ಇತ್ಯಾದಿ. 64ರಿಂದ 126ರ ಒಳಗಿನ ಬೈಟ್ ಬಂದರೆ ಅದೇ ಕೊನೆ. ಕೊನೆ ಸಿಗುವವರೆಗೆ ಓದಿ, ಆಮೇಲೆ ಗುರುತು ಹಿಡಿಯಿರಿ. ಪೇಜ್ ಅಪ್ ಅಂದರೆ ಎಸ್ಕೇಪ್ [ 5 ~, ಪೇಜ್ ಡೌನ್ ಅಂದರೆ ಎಸ್ಕೇಪ್ [ 6 ~. ಕಂಟ್ರೋಲ್ ಜೊತೆ ಬಲ ಬಾಣ ಹೆಚ್ಚಿನ ಕಡೆ ಎಸ್ಕೇಪ್ [ 1 ; 5 ಸಿ. ಗೊತ್ತಿಲ್ಲದ್ದು ಬಂದರೆ ಇಡೀ ಕಟ್ಟನ್ನು ಬಿಟ್ಟುಬಿಡಿ. ಹೀಗೆ ಮಾಡದ ಪ್ರೋಗ್ರಾಮ್‌ನಲ್ಲಿ ಯಾವುದೋ ಫಂಕ್ಷನ್ ಕೀ ಒತ್ತಿದರೆ 5~ ಅಂತ ಕಸ ಬಂದು ಬೀಳುತ್ತದೆ. ಕೆಲವೊಮ್ಮೆ ಬಾಣದ ಕೀಗಳು [ ಬದಲು ಓ ಅಕ್ಷರದ ಜೊತೆ ಬರುತ್ತವೆ: ಎಸ್ಕೇಪ್ ಓ ಎ. ಎರಡನ್ನೂ ಒಪ್ಪಿಕೊಳ್ಳಿ. ಬ್ಯಾಕ್‌ಸ್ಪೇಸ್‌ಗೂ ಹಾಗೇ, 127 ಮತ್ತು 8 ಎರಡನ್ನೂ ಒಂದೇ ಅಂತ ನೋಡಿ.

ಕಿಟಕಿಯ ಅಳತೆ

ಐಒಸಿಟಿಎಲ್ ಕರೆಯನ್ನು ಟಿಐಒಸಿಜಿವಿನ್‌ಎಸ್‌ಝಡ್ ಜೊತೆ ಮಾಡಿದರೆ ಸಾಲು, ಕಾಲಂ ಎರಡೂ ಸಿಗುತ್ತವೆ. ಕಿಟಕಿ ದೊಡ್ಡದೋ ಚಿಕ್ಕದೋ ಆದಾಗ ಸಿಗ್‌ವಿಂಚ್ ಅನ್ನುವ ಸಿಗ್ನಲ್ ಬರುತ್ತದೆ. ಹ್ಯಾಂಡ್ಲರ್‌ನಲ್ಲಿ ಒಂದು ಫ್ಲ್ಯಾಗ್ ಹಾಕಿ ಸುಮ್ಮನಾಗಿ. ಅಳೆಯುವುದು, ಬರೆಯುವುದು ಎಲ್ಲ ಮುಖ್ಯ ಲೂಪಿನಲ್ಲಿ ಆಗಲಿ. ಅಳತೆ 0 ಅಂತ ಬಂದರೆ 24 ಮತ್ತು 80 ಅಂತ ಹಿಡಿಯಿರಿ. ಕಿಟಕಿಯನ್ನು 3 ಸಾಲಿಗೆ ಎಳೆದು ನೋಡಿ, ನಿಮ್ಮ ಕೋಡ್ ಎಲ್ಲಾದರೂ ಋಣ ಸಂಖ್ಯೆ ಹುಟ್ಟಿಸುತ್ತಿದ್ದರೆ ಆಗಲೇ ಸಿಕ್ಕಿಬೀಳುತ್ತದೆ.

ಮಿಣುಕದೆ ಬರೆಯುವುದು

ಹೊಸಬರು ಬರೆಯುವ ಲೂಪ್ ಹೀಗಿರುತ್ತದೆ: 2 ಜೆ ಹಾಕಿ ಪರದೆ ಅಳಿಸು, ಒಂದೊಂದು ಸಾಲನ್ನೂ ಬರೆ, ಮತ್ತೆ ಅಳಿಸು. ಬಾಣದ ಕೀ ಒತ್ತಿ ಹಿಡಿದರೆ ಪರದೆ ಮಿಣುಕುತ್ತದೆ. ಅಳಿಸಿದ್ದಕ್ಕೂ ಬರೆದದ್ದಕ್ಕೂ ನಡುವೆ ಟರ್ಮಿನಲ್ ಖಾಲಿ ಪರದೆಯನ್ನು ತೋರಿಸಿಬಿಡುತ್ತದೆ.

ಇದಕ್ಕೆ ಎರಡು ಮದ್ದು. ಮೊದಲನೆಯದು, ಎಲ್ಲವನ್ನೂ ಒಂದು ಬಫರ್‌ನಲ್ಲಿ ಕಟ್ಟಿ: ಕರ್ಸರ್ ಬಚ್ಚಿಡು, ಸಾಲುಗಳು, ಸ್ಟೇಟಸ್ ಪಟ್ಟಿ. ಕೊನೆಗೆ ಒಂದೇ ರೈಟ್‌ನಲ್ಲಿ ಕಳಿಸಿ. ರೈಟ್ ಕೆಲವೊಮ್ಮೆ ಅರ್ಧ ಬರೆದು ವಾಪಸ್ ಬರುತ್ತದೆ, ಉಳಿದದ್ದನ್ನು ಲೂಪ್ ಹಾಕಿ ಕಳಿಸಿ. ಎರಡನೆಯದು, ಪರದೆ ಪೂರ್ತಿ ಅಳಿಸುವುದನ್ನೇ ಬಿಟ್ಟುಬಿಡಿ. ಪ್ರತಿ ಸಾಲಿನ ಮೇಲೆ ಹೊಸದನ್ನು ಬರೆದು, ಬಾಲದಲ್ಲಿ ಹಳೆಯದು ಉಳಿದಿದ್ದರೆ ಕೆ ಆಜ್ಞೆಯಿಂದ ಅದನ್ನು ಮಾತ್ರ ಒರೆಸಿ.

ಈ ಕೆ ಆಜ್ಞೆಯಲ್ಲಿ ಒಂದು ಕೊಕ್ಕೆ ಇದೆ. 80 ಕಾಲಂ ಕಿಟಕಿಯಲ್ಲಿ ಸರಿಯಾಗಿ 80 ಅಕ್ಷರದ ಸಾಲು ಬರೆದಿರಿ ಅನ್ನಿ. ಕರ್ಸರ್ 81ಕ್ಕೆ ಹೋಗಲು ಜಾಗ ಇಲ್ಲ. ಅದು 80ರ ಮೇಲೇ ನಿಂತು, ಮುಂದಿನ ಅಕ್ಷರ ಬಂದಾಗ ಕೆಳಗೆ ಇಳಿಯೋಣ ಅಂತ ಕಾಯುತ್ತಿರುತ್ತದೆ. ಆ ಗಳಿಗೆಯಲ್ಲಿ ಕೆ ಕಳಿಸಿದರೆ ಎಷ್ಟೋ ಟರ್ಮಿನಲ್‌ಗಳು 80ನೇ ಅಕ್ಷರವನ್ನೇ ಅಳಿಸುತ್ತವೆ. ಉದ್ದ ಸಾಲುಗಳ ಕೊನೆಯ ಅಕ್ಷರ ಮಾತ್ರ ಕಾಣೆಯಾಗುವ ಈ ತಪ್ಪು ಹಿಡಿಯಲು ತುಂಬಾ ಕಷ್ಟ, ಯಾಕೆಂದರೆ ಗಿಡ್ಡ ಸಾಲಿನಲ್ಲಿ ಎಲ್ಲ ಸರಿಯಾಗೇ ಇರುತ್ತದೆ. ಸಾಲು ಕಿಟಕಿಗಿಂತ ಗಿಡ್ಡ ಇದ್ದಾಗ ಮಾತ್ರ ಕೆ ಕಳಿಸಿ, ಮುಗಿಯಿತು. ಇನ್ನೊಂದು: ಹೆಚ್ಚಿನ ಕಡೆ ಕೆ ಆಗಿನ ಹಿನ್ನೆಲೆ ಬಣ್ಣದಲ್ಲೇ ಒರೆಸುತ್ತದೆ. ಅದಕ್ಕೂ ಮುಂಚೆ ಬಣ್ಣ 0 ಮಾಡಿ, ಇಲ್ಲದಿದ್ದರೆ ಕೆಂಪು ಅಕ್ಷರದ ಹಿಂದಿನ ಪಟ್ಟಿ ಸಾಲಿನ ತುದಿವರೆಗೆ ಬಳಿದುಕೊಳ್ಳುತ್ತದೆ.

ಇನ್ನೂ ಚೆನ್ನಾಗಿ ಆಗಬೇಕು ಅಂದರೆ ಹಿಂದಿನ ಚಿತ್ರವನ್ನು ಮೆಮೊರಿಯಲ್ಲಿ ಇಟ್ಟುಕೊಂಡು, ಬದಲಾದ ಸಾಲುಗಳನ್ನಷ್ಟೇ ಕಳಿಸಿ. 24 ಸಾಲು, 80 ಕಾಲಂ ಅಂದರೆ 1920 ಅಕ್ಷರ. ಹಳೆಯ 9600 ಬಾಡ್ (ಸೆಕೆಂಡಿಗೆ 9600 ಬಿಟ್) ಲೈನಿನಲ್ಲಿ ಸೆಕೆಂಡಿಗೆ ಸುಮಾರು 960 ಅಕ್ಷರ ಹೋಗುತ್ತಿದ್ದವು. ಒಂದು ಪರದೆಗೆ 2 ಸೆಕೆಂಡ್! ಟರ್ಮಿನಲ್ ಪರದೆ ಬರೆಯಲು ಬಳಸುವ ಕರ್ಸಸ್ ಲೈಬ್ರರಿ ಬದಲಾದದ್ದನ್ನಷ್ಟೇ ಕಳಿಸಲು ಅಷ್ಟೆಲ್ಲ ಲೆಕ್ಕ ಹಾಕುವುದು ಆ ಕಾಲದ ಅಗತ್ಯದಿಂದ. ಇವತ್ತು ನಿಮ್ಮದೇ ಮೆಷೀನ್‌ನಲ್ಲಿ ಪೂರ್ತಿ ಬರೆದರೂ ನಡೆಯುತ್ತದೆ, ದೂರದ ಸರ್ವರ್ ಆದರೆ ಈ ಉಳಿತಾಯ ಈಗಲೂ ಕೈಗೆ ಗೊತ್ತಾಗುತ್ತದೆ.

ಒಂದು ಅಕ್ಷರ ಎಷ್ಟು ಅಗಲ?

ಕನ್ನಡ ಬರೆಯುವ ನಮಗೆ ಇದು ದೊಡ್ಡ ಪ್ರಶ್ನೆ. ಟರ್ಮಿನಲ್ ಅಂದರೆ ಚೌಕಗಳ ಜಾಲ. ಇಂಗ್ಲಿಷ್‌ನಲ್ಲಿ ಒಂದು ಬೈಟ್, ಒಂದು ಅಕ್ಷರ, ಒಂದು ಚೌಕ. ಸ್ತ್ರೀ ಅನ್ನುವ ಪದ ತೆಗೆದುಕೊಳ್ಳಿ. ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಸ, ವಿರಾಮ (ವ್ಯಂಜನದ ಸ್ವರ ತೆಗೆಯುವ ಚಿಹ್ನೆ), ತ, ವಿರಾಮ, ರ, ಈ ಸ್ವರದ ಚಿಹ್ನೆ, ಒಟ್ಟು 6 ಕೋಡ್. ಒಂದೊಂದು ಕನ್ನಡ ಕೋಡಿಗೂ ಯುಟಿಎಫ್-8ರಲ್ಲಿ 3 ಬೈಟ್, ಅಂದರೆ 18 ಬೈಟ್. ಪರದೆಯಲ್ಲಿ ಎಷ್ಟು ಚೌಕ? ಟರ್ಮಿನಲ್‌ನಿಂದ ಟರ್ಮಿನಲ್‌ಗೆ ಉತ್ತರ ಬೇರೆ. ಡಬ್ಲ್ಯುಸಿವಿಡ್ತ್ ಫಂಕ್ಷನ್ ಒಂದೊಂದು ಕೋಡಿನ ಅಗಲವನ್ನು ಬಿಡಿಬಿಡಿಯಾಗಿ ಹೇಳುತ್ತದೆ, ಒತ್ತಕ್ಷರ ಸೇರಿದಾಗ ಏನಾಗುತ್ತದೆ ಅನ್ನುವುದು ಅದರ ಲೆಕ್ಕದಲ್ಲಿ ಇಲ್ಲ.

ಹಾಗಂತ ಕೈಚೆಲ್ಲಬೇಕಾಗಿಲ್ಲ. ಟರ್ಮಿನಲ್‌ಗೆ ಒಂದು ಪ್ರಶ್ನೆ ಕೇಳಬಹುದು: ಕರ್ಸರ್ ಎಲ್ಲಿದೆ? ಎಸ್ಕೇಪ್ [ 6 ಸಣ್ಣ ಎನ್ ಕಳಿಸಿ. ಎಸ್ಕೇಪ್ [ ಸಾಲು ; ಕಾಲಂ ಆರ್ ಅಂತ ಉತ್ತರ ನಿಮ್ಮ ಇನ್‌ಪುಟ್‌ನಲ್ಲೇ ಬರುತ್ತದೆ, ಕೀಗಳ ಜೊತೆ ಸೇರಿಕೊಂಡು. ಶುರುವಿನಲ್ಲೇ ಬದಲಿ ಪರದೆಯ ಮೊದಲ ಕಾಲಂನಲ್ಲಿ ಸ್ತ್ರೀ ಬರೆದು ಈ ಪ್ರಶ್ನೆ ಕೇಳಿದರೆ ಆ ಟರ್ಮಿನಲ್ ಎಷ್ಟು ಚೌಕ ಮುಂದೆ ಸರಿಯಿತು ಅಂತ ಗೊತ್ತಾಗುತ್ತದೆ. ದಿನನಿತ್ಯದ ಕೆಲಸಕ್ಕೆ ಇನ್ನೊಂದು ಸುಲಭ ನಿಯಮ ಇದೆ: ಕನ್ನಡ ಪಠ್ಯದ ಬಲಕ್ಕೆ ಬೇರೇನಾದರೂ ಬರಬೇಕಿದ್ದರೆ ಜಾಗಗಳನ್ನು ತುಂಬಿ ಅಲ್ಲಿಗೆ ಹೋಗಬೇಡಿ. ಎಚ್ ಆಜ್ಞೆಯಿಂದ ನೇರವಾಗಿ ಆ ಕಾಲಂಗೆ ಹಾರಿ. ಅಗಲದ ಲೆಕ್ಕ ತಪ್ಪಿದರೂ ತಪ್ಪು ಅಲ್ಲೇ ನಿಲ್ಲುತ್ತದೆ, ಪಕ್ಕದ ಕಾಲಂ ಕದಲುವುದಿಲ್ಲ. ಪಠ್ಯ ಕತ್ತರಿಸುವಾಗ ಬೈಟ್ ಎಣಿಸಿ ಕತ್ತರಿಸಬೇಡಿ. ಒಂದು ಪೂರ್ತಿ ಅಕ್ಷರದ ಗಡಿಯಲ್ಲೇ ಕತ್ತರಿಸಿ, ಇಲ್ಲದಿದ್ದರೆ ತುದಿಯಲ್ಲಿ ವಿರಾಮ ಒಂಟಿಯಾಗಿ ನೇತಾಡುತ್ತದೆ.

ಫೈಲ್‌ನಲ್ಲೇ ಎಸ್ಕೇಪ್ ಇದ್ದರೆ

ನಮ್ಮದು ಬೇರೆಯವರ ಫೈಲ್ ತೋರಿಸುವ ಪ್ರೋಗ್ರಾಮ್. ಆ ಫೈಲ್ ಒಳಗೆ 27 ಬೈಟ್ ಇದ್ದರೆ? ಹಾಗೇ ಬರೆದರೆ ಫೈಲ್ ನಿಮ್ಮ ಪರದೆಯನ್ನು ಆಳುತ್ತದೆ. ಅದು ಹಿಂದಿನ ಸಾಲನ್ನು ಅಳಿಸಿ ಬೇರೆ ಏನನ್ನೋ ಬರೆದು ಓದುವವರ ಕಣ್ಣಿಗೆ ಮಣ್ಣೆರಚಬಹುದು. ಇದು ಭದ್ರತೆಯ ವಿಷಯ, ಆಮೇಲೆ ನೋಡೋಣ ಅಂತ ಬಿಡಬೇಡಿ. 0ಯಿಂದ 31, 127, ಮತ್ತು ಯೂನಿಕೋಡ್‌ನ 128ರಿಂದ 159ರವರೆಗಿನ ಕೋಡ್‌ಗಳನ್ನು ಎಂದೂ ನೇರವಾಗಿ ಪರದೆಗೆ ಬಿಡಬೇಡಿ. 27 ಇದ್ದಲ್ಲಿ ^[ ಅಂತ ತೋರಿಸಿ. ಟ್ಯಾಬನ್ನು ಮುಂದಿನ 8ರ ಗುಣಕದವರೆಗೆ ಜಾಗಗಳಾಗಿ ಬದಲಿಸಿ.

ಲೈಬ್ರರಿ ಯಾವಾಗ?

ಟರ್ಮ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ ಟರ್ಮಿನಲ್‌ನ ಹೆಸರು ಹೇಳುತ್ತದೆ. ಆ ಹೆಸರಿಗೆ ಯಾವ ಆಜ್ಞೆ ಗೊತ್ತು ಅನ್ನುವ ಪಟ್ಟಿ ಟರ್ಮ್‌ಇನ್ಫೋ ಡೇಟಾಬೇಸ್‌ನಲ್ಲಿದೆ. ಇನ್ಫೋಸಿಎಂಪಿ ಕಮಾಂಡ್ ಕೊಟ್ಟರೆ ನಿಮ್ಮದರ ಪಟ್ಟಿ ಪೂರ್ತಿ ಕಾಣಿಸುತ್ತದೆ. ಶೆಲ್ ಸ್ಕ್ರಿಪ್ಟ್‌ಗೆ ಟಿಪುಟ್ ಇದೆ, ಆದರೆ ಟಿಪುಟ್‌ನ ಕಪ್ (ಕರ್ಸರ್ ಸರಿಸುವ ಆಜ್ಞೆ) ಎಣಿಸುವುದು 0ಯಿಂದ ಅನ್ನೋದು ನೆನಪಿರಲಿ. ವಿಂಡೋಸ್ 10ರಿಂದ ಮುಂದೆ ಅಲ್ಲಿನ ಕನ್ಸೋಲ್ ಕೂಡ ಇದೇ ಆಜ್ಞೆಗಳನ್ನು ಒಪ್ಪುತ್ತದೆ, ಸೆಟ್‌ಕನ್ಸೋಲ್‌ಮೋಡ್ ಕರೆದು ಅದನ್ನು ಆನ್ ಮಾಡಬೇಕಾಗಬಹುದು ಅಷ್ಟೇ.

ಕಿಟಕಿಯೊಳಗೆ ಕಿಟಕಿ, ಮೆನು, ಫಾರ್ಮ್ ಎಲ್ಲ ಬೇಕು ಅಂದರೆ ಎನ್‌ಕರ್ಸಸ್ ತೆಗೆದುಕೊಳ್ಳಿ, ಸಮಯ ಉಳಿಯುತ್ತದೆ. ಆದರೆ ಇಂಥ ವ್ಯೂವರ್ ಒಂದನ್ನು ಒಮ್ಮೆ ಕೈಯಾರೆ ಬರೆದವರಿಗೆ ಎನ್‌ಕರ್ಸಸ್ ಎಡವಿದಾಗ ಎಲ್ಲಿ ನೋಡಬೇಕು ಅಂತ ಗೊತ್ತಿರುತ್ತದೆ.

ತಪ್ಪು ಹುಡುಕುವಾಗ ಪರದೆಗೆ ಪ್ರಿಂಟ್ ಮಾಡಲು ಆಗುವುದಿಲ್ಲ, ಚಿತ್ರ ಕೆಡುತ್ತದೆ. ಒಂದು ಲಾಗ್ ಫೈಲ್‌ಗೆ ಬರೆದು, ಇನ್ನೊಂದು ಕಿಟಕಿಯಲ್ಲಿ ಟೇಲ್ ಕಮಾಂಡಿನಿಂದ ಅದನ್ನು ನೋಡುತ್ತಿರಿ. ಅದರಲ್ಲೂ ಸಿಗದಿದ್ದರೆ ಸ್ಕ್ರಿಪ್ಟ್ ಕಮಾಂಡ್ ಕೊಟ್ಟು, ಅದರೊಳಗೆ ನಿಮ್ಮ ವ್ಯೂವರ್ ಓಡಿಸಿ, ಹೊರಗೆ ಬನ್ನಿ. ಪರದೆಗೆ ಹೋದ ಪ್ರತಿ ಬೈಟೂ ಟೈಪ್‌ಸ್ಕ್ರಿಪ್ಟ್ ಅನ್ನುವ ಫೈಲ್‌ನಲ್ಲಿ ಕೂತಿರುತ್ತದೆ. ಅದನ್ನು ಕ್ಯಾಟ್‌ಗೆ ಮೈನಸ್ ಸಣ್ಣ ವಿ ಆಯ್ಕೆ ಕೊಟ್ಟು ತೆರೆಯಿರಿ. ಕೊನೆಯ ಭಾಗಕ್ಕೆ ಹೋಗಿ ನೋಡಿ: ಅಲ್ಲಿ ^[[?25 ಆದ ಮೇಲೆ ಸಣ್ಣ ಎಚ್, ^[[?1049 ಆದ ಮೇಲೆ ಸಣ್ಣ ಎಲ್ ಎರಡೂ ಇರಬೇಕು. ಇಲ್ಲದಿದ್ದರೆ ಯಾವುದೋ ಒಂದು ಬಾಗಿಲಿಗೆ ವಾಪಸ್ ಕೊಡುವ ಫಂಕ್ಷನ್ ಕಟ್ಟುವುದು ಇನ್ನೂ ಬಾಕಿ ಇದೆ.